ಲೀನ್‌ಹೋಲ್ಟ್ ಎಂಬವರ ರಾಗ

ಕಳೆದ ಜುಲೈನಲ್ಲಿ ಕೆಲಸದ ಮೇಲೆ ಪುಣೆಗೆ ಹೋಗಿದ್ದಾಗ ಭಾನುವಾರದ ಅರ್ಧ ದಿನ ಬಿಡುವಿತ್ತು. ಮಗರಪಟ್ಟಾದಲ್ಲಿ ನಾನು ಇಳಿದುಕೊಂಡಿದ್ದ ಕಡೆಯಿಂದ ಖಡಕಿಗೆ ಆಟೊ ಹಿಡಿದೆ. ಚರ್ಚಿನ ಮುಂದೆ ಇಳಿದಾಗ ಹತ್ತೂವರೆ. ಮರಾಠಿ ಆರಾಧನೆ ಮುಗಿಸಿದ ಜನ ಮೆಟ್ಟಿಲ ಮೇಲೆ ನಿಂತು ಕೊಡೆ ಬಿಚ್ಚುತ್ತಿದ್ದರು. ಹನ್ನೊಂದರ ಕನ್ನಡ ಆರಾಧನೆಗೆ ಇನ್ನೂ ಯಾರೂ ಬಂದಿರಲಿಲ್ಲ. ಒಳಗೆ, ಎಡಗಡೆಯ ಮೂಲೆಯಲ್ಲಿ, ಆರ್ಗನ್ ಇದ್ದಲ್ಲೇ ಇತ್ತು. ಹತ್ತಿರ ಹೋದಾಗ ನುಸಿಗುಳಿಗೆ, ಹಳೆಯ ತೊಗಲು ಮತ್ತು ಬಿಸಿಯಾದ ಮರ ಮೂರೂ ಕೂಡಿದ ವಾಸನೆ ಬಂತು. ಹಿಂಬದಿಯ ಹಲಗೆಯ ಸಂದಿಯಲ್ಲಿ ಹಳದಿ ಬೆಳಕು ಕಾಣುತ್ತಿತ್ತು. ಆರ್ಗನ್ನಿನ ಹೊಟ್ಟೆಯೊಳಗೆ ಬಲ್ಬು ಉರಿಯುತ್ತಿತ್ತು.

ಎಂಟು ವರ್ಷಗಳ ಹಿಂದೆ ಒಂದು ಇಡೀ ಮಳೆಗಾಲ ನನ್ನ ಬೆಳಗುಗಳು ಆ ವಾಸನೆಯ ಜೊತೆ ಕಳೆದಿದ್ದವು.

ಆಗ ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಪುಣೆಯ ಕನ್ನಡಿಗರಿಗಾಗಿ ವಾರಕ್ಕೊಂದು ಪುಟ ಮಾಡಲು ನಾಲ್ಕು ತಿಂಗಳ ಮಟ್ಟಿಗೆ ಕಳಿಸಿದ್ದರು. ಜೂನ್ ಎರಡನೆಯ ವಾರ ಬಂದೆ, ಸೆಪ್ಟೆಂಬರ್ ಕೊನೆಗೆ ಹೊರಟೆ. ಹೀಗಾಗಿ ನಾನು ಬಲ್ಲ ಪುಣೆಯಲ್ಲಿ ಯಾವಾಗಲೂ ಮಳೆ. ಖಡಕಿ ಬಜಾರಿನ ಹಿಂದಿನ ಓಣಿಯಲ್ಲಿ ಎಲೀಷ ಹಂಚಿನಮನಿ ಎಂಬವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು.

ಮೊದಲ ದಿನ ಬಾಗಿಲು ತೆರೆದವರು ಅವರ ಹೆಂಡತಿ ಶಾಂತಾಬಾಯಿ. "ಒಳಗ ಬರ್ರಿ ಬಾಯಾರ, ಪೂರಾ ತೊಯ್ಸ್ಕೊಂಡೀರಿ. ನಮ್ಮವರು ಮನ್ಯಾಗಿಲ್ಲ, ಬಲ್ಬ್ ಹುಡುಕಾಕ ಹೋಗ್ಯಾರ."

"ಮನ್ಯಾಗ ದೀಪ ಹೋಗ್ಯದೇನ್ರಿ?" ಎಂದೆ. ನಾನು ವಿಜಯಪುರದವಳು.

"ಮನಿಗಲ್ರೀ, ಪೆಟಗಿಗೆ. ಚರ್ಚಿನ್ಯಾಗ ಒಂದು ಪೆಟಗಿ ಐತಿ, ಬಾಜಾ. ಮಳಿಗಾಲ ಬಂತಂದ್ರ ಅದಕ್ಕ ಥಂಡಿ ಆಕ್ಕೈತಿ. ನನಗ ಥಂಡಿ ಆದ್ರ ಒಂದು ಗುಳಿಗಿ. ಅದಕ್ಕ ಆತಂದ್ರ ಇಡೀ ಖಡಕಿ ತಿರಗ್ತಾರ."

ಸ್ವಲ್ಪ ಹೊತ್ತಿಗೆ ಹಂಚಿನಮನಿಯವರು ಬರಿಗೈಯಲ್ಲಿ ಬಂದರು. ತೆಳ್ಳಗಿನ, ಎತ್ತರದ ಮನುಷ್ಯ. ಆಗ ಅರವತ್ತನಾಲ್ಕು ವಯಸ್ಸು. ಚರ್ಚಿನ ಕನ್ನಡ ಸಭೆಯವರೆಲ್ಲ ಅವರನ್ನು ಮಾಸ್ತರ್ ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ.

ಅವರ ಬದುಕನ್ನು ಸುದ್ದಿಯ ಅಳತೆಗೆ ತಂದರೆ ನಾಲ್ಕು ಸಾಲು ಸಾಕು. ಹುಟ್ಟಿದ್ದು ಬೆಟಗೇರಿ. ತಂದೆ ಮಗ್ಗದ ಕೆಲಸದವರು. ಮಿಶನ್ ಶಾಲೆಯಲ್ಲಿ ಹಾಡಿನ ಟೀಚರ್ ಆರ್ಗನ್ ಕಲಿಸಿದರು. ಇಪ್ಪತ್ತೆರಡಕ್ಕೆ ಖಡಕಿಯ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತು, ಅರವತ್ತಕ್ಕೆ ಅಲ್ಲೇ ನಿವೃತ್ತಿ. ಬಂದ ಮೊದಲ ಭಾನುವಾರದಿಂದ ಅಂದಿನವರೆಗೆ, ಮದುವೆಯ ರಜೆ ಮತ್ತು ಒಂದು ಟೈಫಾಯಿಡ್ ಬಿಟ್ಟರೆ, ಕನ್ನಡ ಆರಾಧನೆಗೆ ಆರ್ಗನ್ ನುಡಿಸಿದವರು ಅವರೇ. ಪೆಡಲ್ ಒತ್ತುವುದು ತಮಗೆ ಕಷ್ಟವಾಗಲಿಲ್ಲ ಎನ್ನುತ್ತಿದ್ದರು. ತಂದೆಯ ಮಗ್ಗದ ಕೆಳಗೆ ಕೂತು, ಅವರ ಕಾಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಬೆಳೆದವರು.

ನನ್ನ ಕಚೇರಿ ಮಧ್ಯಾಹ್ನ ಎರಡಕ್ಕೆ ಶುರು. ಬೆಳಿಗ್ಗೆ ಮಾಡಲು ಕೆಲಸವಿರಲಿಲ್ಲ. ಮಾಸ್ತರರ ಹಿಂದೆ ಚರ್ಚಿಗೆ ಹೋಗಿ ಕೂರುವುದು ರೂಢಿಯಾಯಿತು. ಅದು ಗೋಡೆ ತುಂಬ ಕೊಳವೆಗಳಿರುವ ದೊಡ್ಡ ಆರ್ಗನ್ ಅಲ್ಲ. ಒಂದು ಕಪಾಟಿನಷ್ಟು ಗಾತ್ರದ್ದು. ಎರಡೂ ಕಾಲಿನಿಂದ ಪೆಡಲ್ ಒತ್ತಿದರೆ ಒಳಗೆ ತಿದಿಗೆ ಗಾಳಿ ಹೋಗಿ, ಹಿತ್ತಾಳೆಯ ತೆಳು ನಾಲಿಗೆಗಳು ದನಿ ಕೊಡುತ್ತವೆ. ಮಳೆಗಾಲದಲ್ಲಿ ಮರ ಊದುತ್ತದೆ. ಬೆರಳಿಟ್ಟು ಒತ್ತಿದ ಸ್ವರದ ಮಣೆ ಮೇಲೇಳದೆ, ಹಾಡು ಮುಗಿದ ಮೇಲೂ ಒಂದೇ ಸ್ವರ ಕೂಗುತ್ತಲೇ ಇರುತ್ತದೆ. ಅದಕ್ಕೇ ಒಳಗೊಂದು ಬಲ್ಬು. ಹಗಲೂ ರಾತ್ರಿ ಉರಿದು ಅದು ಮರವನ್ನು ಬೆಚ್ಚಗಿಡಬೇಕು. ಆದರೆ ಅಂಗಡಿಗಳಲ್ಲಿ ಆಗ ಎಲ್ಇಡಿ ಬಲ್ಬು ಬಂದು ತಂತಿಯ ಬಲ್ಬು ಮಾಯವಾಗತೊಡಗಿತ್ತು. ಹೊಸ ಬಲ್ಬು ಬೆಳಕು ಕೊಡುತ್ತದೆ, ಬಿಸಿಯಾಗುವುದಿಲ್ಲ.

ಒಂದು ಬೆಳಿಗ್ಗೆ ಬಜಾರಿನ ಅಂಗಡಿಯಲ್ಲಿ ನಾನೂ ಜೊತೆಗಿದ್ದೆ. ಅಂಗಡಿಯವನು ಮರಾಠಿಯಲ್ಲಿ, ಈಗ ಅದನ್ನು ಯಾರೂ ತಗೊಳ್ಳುವುದಿಲ್ಲ ಕಾಕಾ, ಇದರಲ್ಲಿ ಉಜೇಡ ಜಾಸ್ತಿ, ಬಿಲ್ಲೂ ಕಡಿಮೆ ಎಂದು ವಿವರಿಸಿದ. "ಮಲಾ ಉಜೇಡ ನಕೋ, ಊಬ ಪಾಹಿಜೆ" ಎಂದರು ಮಾಸ್ತರ್. ನನಗೆ ಬೆಳಕು ಬೇಡ, ಕಾವು ಬೇಕು. ಅಂಗಡಿಯವನು ಇವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಅಟ್ಟದಿಂದ ಧೂಳು ಹಿಡಿದ ನಾಲ್ಕು ಬಲ್ಬು ಇಳಿಸಿದ. ಮಾಸ್ತರ್ ನಾಲ್ಕನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೊಂಡರು.

ಆರ್ಗನ್ನಿನ ಒಳಗೆಲ್ಲ ಅವರು ರಟ್ಟಿನ ಚೀಟಿ ಕಟ್ಟಿದ್ದರು. ಯಾವ ನಾಲಿಗೆ ಯಾವಾಗ ತೆಗೆದು ಒರೆಸಿದ್ದು, ಯಾವ ತೊಗಲು ಎಲ್ಲಿ ಅಂಟಿಸಿದ್ದು, ಎಲ್ಲ ಚೌಕು ಚೌಕಾದ ಅಕ್ಷರದಲ್ಲಿ ಬರೆದಿರುತ್ತಿತ್ತು. ಸ್ಟೋರಿನ ಕೆಲಸ ಕಲಿಸಿದ ಅಭ್ಯಾಸ. ಏಳು ಎಂಬ ಇಂಗ್ಲಿಷ್ ಅಂಕಿಯ ನಡುವಿಗೆ ಅಡ್ಡಗೆರೆ ಎಳೆಯುತ್ತಿದ್ದರು, ಒಂದರ ಹಾಗೆ ಕಾಣಬಾರದೆಂದು. ಡೆಸ್ಕಿನಲ್ಲಿ ಕೈಬರಹ ಓದಿ ಓದಿ ನನಗೆ ಇಂಥವು ನೆನಪಿನಲ್ಲಿ ಉಳಿಯುತ್ತವೆ.

ಇನ್ನೊಂದನ್ನೂ ಗಮನಿಸಿದ್ದೆ. ಪ್ರತಿ ಆರಾಧನೆಯ ಕೊನೆಗೆ ಬೀಳ್ಕೊಡುವ ಹಾಡು ಒಂದಿತ್ತು, ಹಾಡಿನ ಪುಸ್ತಕದಲ್ಲಿ ನೂರಾ ಇಪ್ಪತ್ತೇಳನೆಯದು. ಅದರ ಮೂರನೆಯ ಸಾಲಿನ ನಡುವೆ ಇಡೀ ಸಭೆ ಒಮ್ಮೆಲೇ ನಿಲ್ಲುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಆರ್ಗನ್ನೂ ಸುಮ್ಮನೆ, ಜನವೂ ಸುಮ್ಮನೆ. ಆಮೇಲೆ ಮುಂದಕ್ಕೆ. ಇದು ಯಾಕೆ ಎಂದು ಜೂನ್‌ನಲ್ಲೇ ಕೇಳಿದ್ದೆ.

"ಮುಂದಿನ ಸಾಲಿನ್ಯಾಗ ಮಾರ್ಥಾಬಾಯಿ ಕುಂಡರ್ತಾರಲ್ರಿ," ಎಂದರು ಮಾಸ್ತರ್. "ಅವರಿಗೆ ದಮ್ಮು. ಆ ಸಾಲು ಭಾಳ ಉದ್ದ. ಅವರು ಉಸಿರು ತಗೋಬೇಕಲ್ಲ."

ಮಾರ್ಥಾಬಾಯಿಗೆ ಎಂಬತ್ತನಾಲ್ಕು. ಎಲ್ಲರನ್ನೂ ಏಕವಚನದಲ್ಲಿ ಕರೆಯುವ, ಎಲ್ಲರಿಗಿಂತ ಜೋರಾಗಿ ಹಾಡುವ ಮುದುಕಿ. ನಾನು ತಲೆಯಾಡಿಸಿದೆ.

ಜುಲೈನಲ್ಲಿ ಬೆನಿಟಾ ಬಂದಳು. ಮೈಸೂರಿನ ಹುಡುಗಿ, ಮಗರಪಟ್ಟಾದ ಐಟಿ ಕಂಪನಿಯಲ್ಲಿ ಕೆಲಸ, ಸಭೆಯ ಕಾರ್ಯದರ್ಶಿ. ಸಭೆಗೆ ಐವತ್ತು ವರ್ಷ ತುಂಬುತ್ತಿತ್ತು. ಅದಕ್ಕೊಂದು ಪುಸ್ತಕ ತರುತ್ತಿದ್ದರು. ಮಹಡಿಯ ಮೇಲೆ ಪತ್ರಿಕೆಯವರಿದ್ದಾರೆ ಎಂದು ಅವಳಿಗೆ ಯಾರೋ ಹೇಳಿದ್ದರು.

"ಮೇಡಂ, ಪ್ಲೀಸ್, ಪ್ರೂಫ್ ಒಂದ್ ಸಲ ನೋಡ್ಕೊಡಿ. ನಮ್ ಸಭೇಲಿ ಎಲ್ರಿಗೂ ಹಾಡಕ್ಕೆ ಬರುತ್ತೆ, ಒಬ್ರಿಗೂ ಕಾಮಾ ಹಾಕಕ್ಕೆ ಬರಲ್ಲ."

ಪುಸ್ತಕದ ಕೊನೆಗೆ ಹನ್ನೆರಡು ಹಾಡು. ಮುಂದೆ ಆರಾಧನೆಯಲ್ಲಿ ಪರದೆಯ ಮೇಲೆ ತೋರಿಸುವುದೂ, ಕೀಬೋರ್ಡಿಗೆ ಹಾಕಿಕೊಳ್ಳುವುದೂ ಆ ಹನ್ನೆರಡನ್ನೇ. ಯಾವ ಹನ್ನೆರಡು ಎಂಬುದಕ್ಕೆ ಬೆನಿಟಾ ಒಂದು ನಿಯಮ ಮುಂದಿಟ್ಟಿದ್ದಳು. ನಮ್ಮ ಜನ ಮಾಡಿದ ರಾಗಗಳು ಮಾತ್ರ ಇರಲಿ, ಹೊರದೇಶದವು ಬೇಡ. "ನೂರೈವತ್ತು ವರ್ಷ ಅವ್ರ ಟ್ಯೂನ್ಸ್‌ಗೆ ನಮ್ ಮಾತು ತುರುಕಿದ್ದಾಯ್ತು ಮೇಡಂ. ಇನ್ ಸಾಕು." ಅವಳ ವಾದದಲ್ಲಿ ನನಗೆ ತಪ್ಪು ಕಾಣಲಿಲ್ಲ. ಆಗಸ್ಟ್ ಕೊನೆಯ ಭಾನುವಾರ ಆರಾಧನೆಯ ನಂತರ ಸಮಿತಿ ಮತ ಹಾಕುವುದಿತ್ತು. ಕೈಬಿಡುವ ಪಟ್ಟಿಯಲ್ಲಿ ಮೊದಲನೆಯದು ನೂರಾ ಇಪ್ಪತ್ತೇಳು. ಅದರ ರಾಗದ ಎದುರು 'ಎಚ್. ಲೀನ್‌ಹೋಲ್ಟ್, ಜರ್ಮನಿ' ಎಂದಿತ್ತು.

ಲೀನ್‌ಹೋಲ್ಟರ ಬಗ್ಗೆ ಪುಸ್ತಕಕ್ಕೆ ಒಂದು ಲೇಖನವೂ ಬಂದಿತ್ತು, ಗದಗಿನ ಒಬ್ಬ ನಿವೃತ್ತ ಶಿಕ್ಷಕರದು. ಅದರ ಪ್ರಕಾರ ಲೀನ್‌ಹೋಲ್ಟರು ಹಡಗಿನಲ್ಲಿ ಬಂದು, ಬೆಟಗೇರಿಯಲ್ಲಿ ಕನ್ನಡ ಕಲಿತು, ಒಂದು ಹುಣಸೆಮರದ ಕೆಳಗೆ ಕೂತು ಈ ರಾಗ ಕಟ್ಟಿ, ಕಾಲರಾದಲ್ಲಿ ತೀರಿಕೊಂಡರು. ಊರಿಗೆ ಊರೇ ಅತ್ತಿತು. ಮರದ ಜಾತಿ ಹೇಳಿದ್ದ ಲೇಖಕರು ಇಸವಿ ಹೇಳಿರಲಿಲ್ಲ. ನನಗೆ ಅನುಮಾನ ಬಂದದ್ದು ಅಲ್ಲಿಯೇ. ಮಿಶನ್ನಿನ ಇತಿಹಾಸ ಬಲ್ಲ ಇಬ್ಬರಿಗೆ ಫೋನ್ ಮಾಡಿದೆ. ಇಬ್ಬರ ಪಟ್ಟಿಯಲ್ಲೂ ಆ ಹೆಸರಿರಲಿಲ್ಲ. ಗದಗಿನ ಶಿಕ್ಷಕರನ್ನು ಕೇಳಿದರೆ, ಹಿರಿಯರು ಹೇಳುತ್ತಿದ್ದರು ಎಂದರು. ಯಾವ ಹಿರಿಯರು ಎಂದರೆ, ಅವರೂ ತೀರಿಕೊಂಡಿದ್ದಾರೆ ಎಂದರು.

ಸಂಜೆ ಚಹಾದ ಹೊತ್ತಿಗೆ ಮಾಸ್ತರರನ್ನೇ ಕೇಳಿದೆ. "ಈ ಲೀನ್‌ಹೋಲ್ಟ್ ಯಾರಿದ್ರು, ನಿಮಗೇನರೆ ಗೊತ್ತದ ಏನ್ರಿ?"

"ಅಂವ ಸತ್ತು ಭಾಳ ವರ್ಷ ಆತು, ಬಿಡ್ರಿ," ಎಂದು ಅವರು ಬಸಿಯ ಚಹಾಕ್ಕೆ ಊದಿದರು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾಂತಾಬಾಯಿ ಕೆಮ್ಮಿದರು. ಅದು ಕೆಮ್ಮಿನಂತೆ ಇರಲಿಲ್ಲ.

ಆ ವಾರ ಬೆನಿಟಾ ಗದಗಿನಿಂದ ತರಿಸಿಕೊಂಡ ಹಳೆಯ ಸ್ವರಲಿಪಿಯ ಫೋಟೋವನ್ನು ನನ್ನ ಫೋನಿಗೆ ಕಳಿಸಿದಳು. ಹಳದಿ ಕಾಗದ, ಮೇಲೆ ಲೀನ್‌ಹೋಲ್ಟ್ ಎಂಬ ಹೆಸರು, ಪಕ್ಕದಲ್ಲಿ ಹಾಡಿನ ಸಂಖ್ಯೆ 127. ಏಳರ ನಡುವಿಗೆ ಅಡ್ಡಗೆರೆ. ಅಕ್ಷರಗಳು ಚೌಕು ಚೌಕು. ಮಾಸ್ತರ್ ಬೇರೆ ಯಾವುದನ್ನೋ ನೋಡಿ ನಕಲು ಮಾಡಿರಬಹುದು ಎಂದುಕೊಂಡೆ. ಆದರೆ ಮೂರನೆಯ ಸಾಲಿನಲ್ಲಿ, ಹಾಡುವ ನಾಲ್ಕೂ ದನಿಗಳಿಗೆ, ಮಾರ್ಥಾಬಾಯಿ ಉಸಿರು ತಗೊಳ್ಳುವ ಜಾಗದಲ್ಲೇ ನಿಲ್ಲಿಸುವ ಗುರುತಿತ್ತು.

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಅವರು ಒಂದು ಮಣೆ ಬಿಚ್ಚಿ ಒರೆಸುತ್ತಿದ್ದರು. ಹೊರಗೆ ಜಿನುಗು ಮಳೆ. ಲೋಕಲ್ ರೈಲು ಹೋದ ಸದ್ದು ಅಡಗುವವರೆಗೆ ಕಾದು ಕೇಳಿದೆ.

"ಮಾಸ್ತರ್ರ, ಲೀನ್‌ಹೋಲ್ಟ್‌ ಅವರಿಗೆ ಮಾರ್ಥಾಬಾಯಿ ಪರಿಚಯ ಇದ್ರೇನ್ರಿ?"

ಅವರು ಫೋನಿನ ಫೋಟೋ ನೋಡಿದರು. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲಿಟ್ಟರು.

"ಪೇಪರದವರಿಗೆ ಮನಿ ಬಾಡಗಿ ಕೊಡಬ್ಯಾಡಂತ ನಮ್ಮಾಕಿ ಹೇಳಿದ್ಲು," ಎಂದರು. "ನಾ ಕೇಳಲಿಲ್ಲ."

ನಡೆದದ್ದು ಇಷ್ಟು. ಅವರಿಗೆ ಇಪ್ಪತ್ತಾರು ವರ್ಷವಾಗಿದ್ದಾಗ ಆ ಹಾಡಿಗೆ ನಿಜವಾಗಿಯೂ ಒಂದು ಜರ್ಮನ್ ರಾಗವಿತ್ತು. ಮೂರನೆಯ ಸಾಲು ನಾಲ್ಕನೆಯದಕ್ಕೆ ನಿಲ್ಲದೆ ಓಡುತ್ತಿತ್ತು. ಪ್ರತಿ ಭಾನುವಾರ ಅದೇ ಜಾಗದಲ್ಲಿ ಮಾರ್ಥಾಬಾಯಿಗೆ ಕೆಮ್ಮು ಹತ್ತುತ್ತಿತ್ತು. ಆಗ ಆಕೆಗೆ ನಲವತ್ತಾರು, ಊರಿಗೆಲ್ಲ ಕೇಳುವ ದನಿ. ಕೆಮ್ಮು ಮೂರು ಸಲ ಹತ್ತಿದ ಮೇಲೆ ಆಕೆ ಕೊನೆಯ ಹಾಡಿಗೆ ಮೊದಲೇ ಎದ್ದು ಹೊರಗೆ ಹೋಗತೊಡಗಿದರು. ಮಾಸ್ತರ್ ಆ ಹಾಡಿಗೆ ಹೊಸ ರಾಗ ಕಟ್ಟಿದರು. ಸಭೆಯ ಹಿರಿಯರ ಮುಂದೆ ಒಯ್ಯುವ ಮೊದಲು ಹೆದರಿಕೆಯಾಯಿತು. ಸ್ಟೋರಿನ ಹುಡುಗ ಕಟ್ಟಿದ ರಾಗವನ್ನು ಯಾರು ಹಾಡುತ್ತಾರೆ?

"ಸ್ಟೋರಿನ್ಯಾಗ ಒಂದು ಹಳೇ ತೂಕದ ಮಷೀನು ಇತ್ರಿ. ಅದರ ಹಿತ್ತಾಳಿ ಪಟ್ಟಿ ಮ್ಯಾಲೆ ಬರದಿತ್ತು, ಎಚ್. ಲೀನ್‌ಹೋಲ್ಟ್ ಅಂತ. ದಿನಾ ಅದನ್ನ ನೋಡತಿದ್ದೆ. ಜರ್ಮನ್ ಬೋಧಕರು ಅಂತ ಹೇಳಿ ಆ ಹೆಸರ ಬರದಬಿಟ್ಟೆ. ಹಿರಿಯರು ನನ್ನ ಕಡಿಂದ ಎರಡ ಸಲ ನುಡಿಸಿ ಕೇಳಿದ್ರು. 'ನೋಡು, ಇದು ಅವರ ಕೈ' ಅಂದ್ರು. ಮುಂದಿನ ಭಾನುವಾರದಿಂದನ ಶುರು."

"ಆಮ್ಯಾಲೆ ಹೇಳಬಹುದಿತ್ತಲ್ರಿ?"

"ಹೇಳೋ ಸಲವಾಗಿನ ಎರಡನೇ ರಾಗ ಒಯ್ದೆ. ಅದಕ್ಕ ನನ್ನ ಹೆಸರ ಹಾಕಿದ್ದೆ. ಅದ ಹಿರಿಯರು, ಪೂರಾ ನೋಡಲಿಲ್ರಿ, ಕಾಗದಾ ತಿರಿಗಿ ಕೊಟ್ರು. 'ಎಲೀಷಾ, ಮೊದಲ ದೊಡ್ಡವರದ್ದು ಸರಿಯಾಗಿ ನುಡಸಾಕ ಕಲಿ' ಅಂದ್ರು."

ಅಲ್ಲಿಂದ ಅವರು ಯಾರ ಮುಂದೆಯೂ ರಾಗ ಒಯ್ಯಲಿಲ್ಲ. ಕಟ್ಟುವುದನ್ನು ಬಿಡಲೂ ಇಲ್ಲ. ಹತ್ತೊಂಬತ್ತು ರಾಗಗಳಿದ್ದವು. ಹದಿನೆಂಟು ಮನೆಯ ಟ್ರಂಕಿನಲ್ಲಿ, ನುಸಿಗುಳಿಗೆಯ ಜೊತೆ. ಹಾಡಿಸಿಕೊಂಡದ್ದು ಒಂದೇ ಒಂದು. ಅದು ಹುಬ್ಬಳ್ಳಿ, ಧಾರವಾಡ, ಗದಗಿನವರೆಗೆ ಹೋಗಿತ್ತು, ಬೇರೆಯವರ ಹೆಸರಿನಲ್ಲಿ. ಆ ಬೇರೆಯವರಿಗೆ ಈಗ ಹಡಗು, ಹುಣಸೆಮರ, ಕಾಲರಾ ಎಲ್ಲ ಬಂದಿದ್ದವು.

ನಾನು ಮತದಾನದ ಮಾತು ಎತ್ತಿದೆ. ಬೆನಿಟಾಳ ನಿಯಮದಂತೆ ಆ ರಾಗ ಹೋಗುವುದು ಖಂಡಿತವಾಗಿತ್ತು. ಅದನ್ನು ಉಳಿಸಬಲ್ಲ ಸಂಗತಿಯೂ ಅವರೊಬ್ಬರಲ್ಲೇ ಇತ್ತು.

"ಹೇಳಿದ್ರ, ಮೂವತ್ತೆಂಟು ವರ್ಷ ದೇವರ ಮನ್ಯಾಗ ಕುಂತು ಸುಳ್ಳ ನುಡಿಸಿದಾಂವ ಅಂತಾರ. ಹೇಳಲಿಲ್ಲಂದ್ರ ಜರ್ಮನ್ ಅಂವಂದು ಅಂತ ತಗದ ಒಗೀತಾರ." ಅವರು ಮಣೆಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದರು. "ಇದನ್ನ ಬರೀಬ್ಯಾಡ್ರಿ, ಬಾಯಾರ."

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಮಾಹಿತಿ ಕೊಟ್ಟವರು ಬೇಡ ಎಂದದ್ದನ್ನು ಬರೆಯಬಾರದೆಂಬುದು ನಮ್ಮ ಕೆಲಸದ ನಿಯಮ. ಸುಳ್ಳೆಂದು ಗೊತ್ತಾದದ್ದನ್ನು ಅಚ್ಚಿಗೆ ಬಿಡಬಾರದೆಂಬುದೂ ನಿಯಮವೇ. ಲೀನ್‌ಹೋಲ್ಟರ ಲೇಖನವನ್ನು, ಆಧಾರ ಸಿಕ್ಕಿಲ್ಲ ಎಂದು ಬರೆದು, ಪುಸ್ತಕದಿಂದ ತೆಗೆದೆ. ಬೆನಿಟಾ ಮುಖ ಸಣ್ಣ ಮಾಡಿದಳು. "ಅಯ್ಯೋ ಮೇಡಂ, ಇಡೀ ಬುಕ್ಕಲ್ಲಿ ಓದೋ ಹಂಗಿದ್ದಿದ್ದೇ ಅದೊಂದು!" ಹಾಡುಗಳ ಪಟ್ಟಿಯಲ್ಲಿ ನೂರಾ ಇಪ್ಪತ್ತೇಳರ ಎದುರು ಇದ್ದ ಹೆಸರನ್ನೂ ಹೊಡೆದು ಹಾಕಿದೆ. 'ಕರ್ತೃ ತಿಳಿದಿಲ್ಲ' ಎಂದು ಬರೆಯಲು ಹೋಗಿ ಕೈ ತಡೆಯಿತು. ನನಗೆ ತಿಳಿದಿತ್ತು. ಆ ಜಾಗವನ್ನು ಖಾಲಿ ಬಿಟ್ಟೆ.

ಆಗಸ್ಟ್ ಮೂರನೆಯ ವಾರ ಮಳೆ ಹಿಡಿದು ನಾಲ್ಕು ದಿನ ಬಿಡಲಿಲ್ಲ. ಮುಳಾ ನದಿಯ ನೀರು ಸೇತುವೆಯ ಹತ್ತಿರ ಬಂದಿದೆ ಎಂದು ಜನ ನೋಡಲು ಹೋಗುತ್ತಿದ್ದರು. ಮಾಸ್ತರ್ ಮನೆಯಲ್ಲೇ ಕೂತು ಪ್ರೂಫ್ ಓದಿದರು. ಊಟಕ್ಕೆ ಕೂತಾಗ ಹಾಡುಗಳ ಪಟ್ಟಿಯ ಹಾಳೆ ಅವರ ತಟ್ಟೆಯ ಪಕ್ಕದಲ್ಲೇ ಇತ್ತು.

"ಇಲ್ಲೇನೂ ಇಲ್ಲಲ್ರೀ," ಎಂದರು, ಖಾಲಿ ಜಾಗದ ಮೇಲೆ ಬೆರಳಿಟ್ಟು.

"ಹೌದ್ರಿ."

"ಏನರೆ ಹಾಕಬೇಕಲ್ಲ?"

"ಖರೇ ಇದ್ದದ್ದನ್ನ ಹಾಕಬ್ಯಾಡ ಅಂದೀರಿ. ಸುಳ್ಳ ನಾ ಹಾಕಂಗಿಲ್ಲ. ಮೂರನೇದ್ದು ಏನದ, ನೀವ ಹೇಳ್ರಿ."

ಶಾಂತಾಬಾಯಿ ಎರಡನೆಯ ರೊಟ್ಟಿ ಹಾಕುತ್ತ ನಡುವೆ ಬಂದರು. "ನೋಡ್ರಿ ಬಾಯಾರ, ಮದುವಿ ಆಗಿ ಬಂದಾಗಿಂದ ಆ ಜರ್ಮನ್ ಅಂವನ ಜೋಡಿ ಸಂಸಾರ ಮಾಡೇನಿ. ಬೆಟಗೇರಿಗೆ ಹೋದ್ರ ನಮ್ಮ ಅಕ್ಕ ಆ ಹಾಡ ಹಾಡಕೋತ ಪಾತ್ರಿ ತಿಕ್ತಾಳ. 'ಏನ್ ಚಂದ ಕಟ್ಟ್ಯಾನಬೇ ಆ ಸಾಹೇಬ' ಅಂತಾಳ. ನಾ ಬಾಯಿ ಮುಚಗೊಂಡು ಪಾತ್ರಿ ವರಸ್ತೇನಿ. ಇನ್ನೆಷ್ಟ ವರ್ಷ ವರಸಲಿ?"

ಮಾಸ್ತರ್ ಉಂಡು ಎದ್ದರು. ಕೈ ತೊಳೆದು ಬಂದು ಬಾಗಿಲಲ್ಲೇ ನಿಂತು ಕೇಳಿದರು. "ನಿಮ್ಮ ಪೇಪರಿನ್ಯಾಗ ಸುಳ್ಳ ಅಚ್ಚಾದ್ರ ಏನ ಮಾಡ್ತೀರಿ?"

"ತಿದ್ದುಪಡಿ ಹಾಕ್ತೀವ್ರಿ."

"ಅದನ್ನ ಹ್ಯಾಂಗ ಬರೀತಾರ?"

ಹೇಳಿದೆ. ಏನು ಅಚ್ಚಾಗಿತ್ತು, ಅದರಲ್ಲಿ ಯಾವುದು ತಪ್ಪು, ಸರಿಯಾದದ್ದು ಯಾವುದು, ಕೊನೆಗೆ ವಿಷಾದ. ಯಾಕೆ ತಪ್ಪಾಯಿತೆಂಬ ಕಥೆ ಬೇಡ. ವಿಶೇಷಣ ಬೇಡ. ಅವರು ಸ್ಟೋರಿನ ಕಾಲದ ಹಳೆಯ ರಟ್ಟಿನ ಚೀಟಿಯೊಂದನ್ನು ತಂದು ಅದರ ಹಿಂಬದಿಗೆ ಬರೆದರು, ಅರ್ಧ ಗಂಟೆ ಹಿಡಿಯಿತು. ಕೊನೆಯ ವಾಕ್ಯ 'ತಪ್ಪಿಗೆ ವಿಷಾದವಿದೆ, ರಾಗಕ್ಕೆ ಇಲ್ಲ' ಎಂದಿತ್ತು. ಕೊನೆಯ ಎರಡು ಶಬ್ದ ಹೊಡೆದು ಹಾಕಿದೆ. ಅವರು ನೋಡಿ, "ಚಲೋ ಇತ್ತಲ್ರೀ," ಎಂದರು. "ಚಲೋ ಅದ, ಅದಕ್ಕ ಬ್ಯಾಡ," ಎಂದೆ.

ಆಗಸ್ಟ್ ಕೊನೆಯ ಭಾನುವಾರ, ಮತ ಹಾಕುವ ದಿನ, ಪ್ರಕಟಣೆಗಳ ಹೊತ್ತಿಗೆ ಅವರು ಆರ್ಗನ್ನಿನ ಬೆಂಚಿನಿಂದ ಎದ್ದು ಮುಂದೆ ಬಂದರು. ಸಭಾಪಾಲಕರಿಗೆ ಮೊದಲೇ ತಿಳಿಸಿದ್ದರು, ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಹಿಂದಿನ ಸಾಲಿನಲ್ಲಿದ್ದೆ. ಅವರು ಚೀಟಿ ನೋಡಿ ಓದಿದರು. ದನಿ ತಗ್ಗಿತ್ತು.

"ತಿದ್ದುಪಡಿ. ನಾವು ಹಾಡುವ ನೂರಾ ಇಪ್ಪತ್ತೇಳನೆಯ ಹಾಡಿನ ರಾಗ ಎಚ್. ಲೀನ್‌ಹೋಲ್ಟ್ ಎಂಬ ಜರ್ಮನ್ ಬೋಧಕರದೆಂದು ಮೂವತ್ತೆಂಟು ವರ್ಷಗಳ ಹಿಂದೆ ನಾನು ಈ ಸಭೆಗೆ ತಿಳಿಸಿದ್ದೆ. ಅದು ಸುಳ್ಳು. ಆ ಹೆಸರಿನ ಬೋಧಕರು ಇರಲಿಲ್ಲ. ಆ ರಾಗ ನಾನು ಕಟ್ಟಿದ್ದು. ತಪ್ಪಿಗೆ ವಿಷಾದವಿದೆ."

ಬೆನಿಟಾ ಬಾಯಿ ತೆರೆದುಕೊಂಡು ನನ್ನ ಕಡೆ ತಿರುಗಿದಳು. ಮುಂದಿನ ಸಾಲಿನಿಂದ ಮಾರ್ಥಾಬಾಯಿ ಕೋಲು ಊರಿಕೊಂಡು ಎದ್ದು ನಿಂತರು. ಪೂರ್ತಿ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

"ಏ ಎಲೀಷಾ! ಆ ರಾಗದಾಗ ಉಸಿರಿಗೆ ಜಾಗಾ ಬಿಟ್ಟಾನಲ್ಲ, ಅಂಥಾ ಪುಣ್ಯಾತ್ಮ ಯಾವನೋ ಅಂತ, ಮೂವತ್ತೆಂಟು ವರ್ಷ ದಿನಾ 'ಆ ಜರ್ಮನ್ ಅಂವನ ಆತ್ಮ ಸುಖವಾಗಿರ್ಲೆಪಾ ದೇವರೇ' ಅಂತ ಬೇಡಿಕೊಂಡೇನಲ್ಲೋ! ಆ ಪ್ರಾರ್ಥನೆ ಎಲ್ಲಾ ಎಲ್ಲಿ ಹೋದುವೋ?"

ಮಾಸ್ತರ್ ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

"ಮುಟ್ಯಾವಬೇ," ಎಂದರು.

ಮೊದಲು ನಕ್ಕವರು ಸಭಾಪಾಲಕರು. ಆಮೇಲೆ ಎಲ್ಲರೂ. ಒಬ್ಬರು ಮಾತ್ರ ನಗಲಿಲ್ಲ. ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದ, ಆ ವರ್ಷದ ಸಮಿತಿಯ ಹಿರಿಯರಲ್ಲಿ ಎಲ್ಲರಿಗಿಂತ ದೊಡ್ಡವರು. ಆರಾಧನೆ ಮುಗಿದ ಮೇಲೆ ಸಮಿತಿಯಲ್ಲಿ ಅವರು ಹೇಳಿದ್ದು ನನ್ನ ಟಿಪ್ಪಣಿಯಲ್ಲಿದೆ. "ರಾಗ ಚಲೋ ಐತಿ, ಇರಲಿ. ಆದ್ರ ಸುಳ್ಳ ಸುಳ್ಳನ. ನಕ್ಕು ಬಿಟ್ಟಬಿಟ್ರ ನಾಳೆ ಮಕ್ಕಳಿಗೆ ಏನ ಹೇಳೋಣ?" ಅವರದ್ದು ನ್ಯಾಯವಾದ ಪ್ರಶ್ನೆ ಎಂದು ಮಾಸ್ತರರೇ ಒಪ್ಪಿದರು. ನೂರಾ ಇಪ್ಪತ್ತೇಳು ಪುಸ್ತಕದಲ್ಲಿ ಉಳಿಯಿತು. ಮಾಸ್ತರ್ ಮೂರು ಭಾನುವಾರ ಆರ್ಗನ್ ಮುಟ್ಟಬಾರದೆಂದು ತೀರ್ಮಾನವಾಯಿತು. ಬಲ್ಬು ಬದಲಾಯಿಸಲು ಮಾತ್ರ ಅನುಮತಿ ಕೇಳಿ ಪಡೆದರು.

ಪುಸ್ತಕದಲ್ಲಿ ಹೇಗೆ ಹಾಕುವುದು ಎಂದು ಬೆನಿಟಾ ಫೋನ್ ಮಾಡಿದಳು. ಹಾಡಿನ ಪುಸ್ತಕಗಳಲ್ಲಿ ರಾಗಕ್ಕೇ ಒಂದು ಹೆಸರಿಡುವ ಪದ್ಧತಿ ಇದೆಯಂತೆ. ಊರಿನದೋ, ಬೀದಿಯದೋ, ಯಾರದೋ ಹೆಸರು. ಖಾಲಿ ಜಾಗ ಕೊನೆಗೆ ಹೀಗೆ ತುಂಬಿತು: 'ರಾಗ: ಲೀನ್‌ಹೋಲ್ಟ್. ಕಟ್ಟಿದವರು: ಎಲೀಷ ಹಂಚಿನಮನಿ, ಖಡಕಿ.' "ತೂಕದ ಮಷೀನ್ ಹೆಸರು ಅಂತ ಫುಟ್‌ನೋಟ್ ಹಾಕ್ಲಾ ಮೇಡಂ?" ಎಂದು ಕೇಳಿದಳು. ಬೇಡ ಎಂದೆ.

ಸೆಪ್ಟೆಂಬರಿನ ಮೊದಲ ಭಾನುವಾರ ಮಾಸ್ತರ್ ಹೆಂಡತಿಯ ಪಕ್ಕದಲ್ಲಿ, ಸಾಲಿನ ತುದಿಗೆ ಕೂತರು. ಮದುವೆಯಾದಂದಿನಿಂದ ಅವರಿಬ್ಬರೂ ಚರ್ಚಿನಲ್ಲಿ ಜೊತೆಗೆ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ, ಮೊಳಕಾಲಿನ ಮೇಲಿಟ್ಟುಕೊಂಡರು. ಬೆನಿಟಾ ಕೀಬೋರ್ಡ್ ತಂದಿದ್ದಳು. ಕೊನೆಯ ಹಾಡು ಬಂತು. ಕೀಬೋರ್ಡಿನ ತಾಳ ಮೊದಲೇ ಹೊಂದಿಸಿಟ್ಟದ್ದು, ಅದಕ್ಕೆ ನಿಲ್ಲುವುದು ಗೊತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಸಭೆ ನಿಂತಿತು, ಕೀಬೋರ್ಡ್ ಮುಂದೆ ಹೋಯಿತು. ಬೆನಿಟಾ ಗಾಬರಿಯಿಂದ ಹಿಂತಿರುಗಿ ನೋಡಿ, ತಾಳದ ಗುಂಡಿ ಒತ್ತಿ ಆರಿಸಿದಳು. ಎರಡನೆಯ ಚರಣದಿಂದ ಸಭೆಗಾಗಿ ಕಾದು ನುಡಿಸಿದಳು.

ನಾನು ಮಾಸ್ತರರನ್ನು ನೋಡುತ್ತಿದ್ದೆ. ಮೊದಲ ಚರಣದಲ್ಲಿ ಅವರು ಹಾಡಲಿಲ್ಲ. ಆರ್ಗನ್ನಿನ ಮುಂದೆ ಜನರಿಗೆ ಬೆನ್ನು ಮಾಡಿ, ತಿದಿಯ ಉಬ್ಬಸದ ನಡುವೆ ಕೂತವರಿಗೆ ಆ ರಾಗ ಜನ ಕೂತ ಸಾಲುಗಳ ನಡುವಿನಿಂದ ಹೇಗೆ ಕೇಳುತ್ತದೆಂದು ಅಂದಿನವರೆಗೆ ಗೊತ್ತಿರಲಿಲ್ಲ. ಹಾಗೆಂದು ಅವರೇ ಆಮೇಲೆ ಹೇಳಿದರು. ಎರಡನೆಯ ಚರಣಕ್ಕೆ ದನಿ ಕೂಡಿಸಿದರು.

ಮೆಟ್ಟಿಲಿಳಿಯುವಾಗ ಶಾಂತಾಬಾಯಿ ನನ್ನ ಕಿವಿಯಲ್ಲಿ ಹೇಳಿದರು. "ಇಷ್ಟ ಬೇಸೂರ ಹಾಡ್ತಾರಂತ ನನಗ ಗೊತ್ತ ಇರಲಿಲ್ರಿ. ಪೆಟಗಿ ಮುಂದ ಕುಂತಿದ್ದ ಚಲೋ ಆತು."

ಆ ತಿಂಗಳ ಕೊನೆಗೆ ನಾನು ಹುಬ್ಬಳ್ಳಿಗೆ ಹೊರಟೆ. ಅಂಗಡಿಯ ಅಟ್ಟದಿಂದ ತಂದ ನಾಲ್ಕು ಬಲ್ಬುಗಳಲ್ಲಿ ಒಂದು ಅಷ್ಟರಲ್ಲಿ ಸುಟ್ಟುಹೋಗಿತ್ತು.

ಕಳೆದ ಜುಲೈನಲ್ಲಿ ಆರ್ಗನ್ನಿನ ಪಕ್ಕ ನಿಂತಿದ್ದಾಗ ಹಿಂದಿನಿಂದ, "ಪೇಪರ್ ಬಾಯಾರೇನ್ರಿ?" ಎಂಬ ದನಿ ಬಂತು. ಮಾಸ್ತರರಿಗೆ ಈಗ ಎಪ್ಪತ್ತೆರಡು. ಬೆರಳುಗಳ ಗಂಟು ಊದಿವೆ. ಬೇರೆ ಹಾಡುಗಳಿಗೆಲ್ಲ ಕೀಬೋರ್ಡ್, ಕೊನೆಯ ಒಂದಕ್ಕೆ ಮಾತ್ರ ಅವರು ಬೆಂಚಿಗೆ ಹೋಗುತ್ತಾರೆ. ಬಲ್ಬು ಎಲ್ಲಿಂದ ಸಿಕ್ಕಿತು ಎಂದೆ. ಬೆನಿಟಾ ಬೆಂಗಳೂರಿಗೆ ವರ್ಗವಾಗಿ ಹೋಗುವಾಗ ಆನ್‌ಲೈನಿನಲ್ಲಿ ಒಂದು ಡಜನ್ ತರಿಸಿ ಕೊಟ್ಟು ಹೋಗಿದ್ದಳಂತೆ. ಟ್ರಂಕಿನ ಹದಿನೆಂಟರಲ್ಲಿ ಮೂರನ್ನು ಸಭೆ ಕಲಿತಿದೆ. "ಉಳಿದಾವು ಕಷ್ಟರೀ," ಎಂದರು, "ಜನಕ್ಕಲ್ಲ, ನನ್ನ ಬೆರಳಿಗೆ."

ಮಾರ್ಥಾಬಾಯಿ ತೀರಿಕೊಂಡು ಐದು ವರ್ಷವಾಗಿದೆ. ಮುಂದಿನ ಸಾಲಿನ ಅವರ ಜಾಗದಲ್ಲಿ ಗುರುತಿಲ್ಲದ ಯಾರೋ ಕೂತಿದ್ದರು. ಸಭೆಯಲ್ಲಿ ಅರ್ಧಕ್ಕರ್ಧ ಹೊಸ ಮುಖಗಳು. ನನ್ನ ಪಕ್ಕದಲ್ಲೊಬ್ಬ ಇಪ್ಪತ್ತೈದರ ಯುವಕ, ಬೆಂಗಳೂರಿನ ಮಾತು, ಆಫೀಸಿನ ಗುರುತುಚೀಟಿ ಇನ್ನೂ ಚೀಲದಿಂದ ನೇತಾಡುತ್ತಿತ್ತು. ಕೊನೆಯ ಹಾಡಿಗೆ ಎಲ್ಲರೂ ಎದ್ದರು. ಆರ್ಗನ್ ನಿಧಾನವಾಗಿ ಶುರುವಾಯಿತು. ಮೂರನೆಯ ಸಾಲು ಬಂದಾಗ ನಾನು ಹಳೆಯ ರೂಢಿಯಿಂದ ಗಮನಿಸಲೆಂದು ಬಾಯಿ ಮುಚ್ಚಿದೆ. ಸಭೆ ನಿಂತಿತು. ಹೊರಗಿನ ಮಳೆಯ ಸದ್ದು ಒಂದು ಉಸಿರಿನಷ್ಟು ಹೊತ್ತು ಒಳಗೆ ಕೇಳಿತು. ಆಮೇಲೆ ಎಲ್ಲರೂ ಕೂಡಿ ಮುಂದಿನ ಮಾತಿಗೆ ಹೋದರು.

ಹಾಡು ಮುಗಿದ ಮೇಲೆ ಆ ಯುವಕನನ್ನು ಕೇಳಿದೆ, ಅಲ್ಲಿ ಯಾಕೆ ನಿಲ್ಲಿಸುತ್ತೀರಿ ಎಂದು.

ಅವನು ನನ್ನನ್ನು ಹೊಸಬಳೆಂದು ತಿಳಿದ. "ಅಲ್ಲಿ ಉಸಿರು ತಗೋಬೇಕು ಮೇಡಂ," ಎಂದ. "ಹಂಗೇ ಇರೋದು ಅದು."